ಪಾದಪೂಜೆಯ ಕಟ್ಟೆ

"ನಿನ್ನ ಕೈ ಗುಣಾನ ಹಂಗೈತಿ. ನೀ ತೊಳಿಯಾಕ ಬಂದ ಮ್ಯಾಲ ನೋಡು, ಇದು ಕಟ್ಟಿಗೊಂಡಿದ್ದು."

ಮನೆಯ ಯಜಮಾನಿ ಶೇಖರಮ್ಮ ಮೂಗಿಗೆ ಸೆರಗು ಒತ್ತಿಕೊಂಡು ಬಾಗಿಲಾಚೆ ನಿಂತು ಹೀಗೆ ಹೇಳುವಾಗ ಗದ್ದೆಮ್ಮ ಕಕ್ಕಸಿನೊಳಗೆ ಮೊಣಕಾಲೂರಿ ಕೂತು ಬಿದಿರ ದಬ್ಬೆಯನ್ನು ಒಳಕ್ಕೆ ತಳ್ಳುತ್ತಿದ್ದಳು. ದಬ್ಬೆ ಹೋದಷ್ಟೇ ಬೇಗ ತಿರುಗಿ ಬರುತ್ತಿತ್ತು. ಅದರ ಜೊತೆಗೆ ಆ ಮನೆಯವರು ನಿನ್ನೆ ಮೊನ್ನೆ ಉಂಡಿದ್ದೂ ಬರುತ್ತಿತ್ತು. ಉಂಡವರು ಅವರು, ಹೊಟ್ಟೆ ಅವರದು, ಕೊಳವೆಯೂ ಅವರದು. ಕೆಟ್ಟದ್ದು ಮಾತ್ರ ಗದ್ದೆಮ್ಮನ ಕೈ ಎಂದು ಆ ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು.

ಮನೆ ಅಂತಿಂಥದಲ್ಲ. ಸಾಲಗುಂದದಲ್ಲಿ ದೊಡ್ಡಬಸಪ್ಪ ಸಾವ್ಕಾರನ ಮನೆ ಎಂದರೆ ಸಿಂಧನೂರಿನಿಂದ ಬರುವ ಬಸ್ಸಿನ ಕಂಡಕ್ಟರನಿಗೂ ಗೊತ್ತು. ಕಾಲುವೆ ನೀರಿನ ಭತ್ತ ಬೆಳೆದು ಎಬ್ಬಿಸಿದ ಮಾಳಿಗೆ ಮನೆ, ಕೋಣೆಗೊಂದು ಕಕ್ಕಸು. ಹಿರಿಮಗ ಗುರುಬಸವ ಪಂಚಾಯಿತಿ ಸದಸ್ಯನಾಗಿದ್ದಾಗ ಊರಿನ ತುಂಬ 'ಬಯಲು ಶೌಚ ಮುಕ್ತ ಗ್ರಾಮ' ಎಂಬ ಬೋರ್ಡು ಹಾಕಿಸಿ, ಉಳಿದ ಒಂದನ್ನು ತನ್ನ ಮನೆಯ ಗೇಟಿನ ಪಕ್ಕದಲ್ಲೇ ಬಡಿಸಿಕೊಂಡಿದ್ದ. ಈಗ ಒಂದು ವಾರದಿಂದ ಆ ಮನೆಯ ಗಂಡಸರು ನಸುಕಿನಲ್ಲೆದ್ದು, ಕೈಯಲ್ಲಿ ಚೊಂಬು ಹಿಡಿದು, ಆ ಬೋರ್ಡಿನ ಕೆಳಗೇ ಹಾದು ಕಾಲುವೆ ಏರಿ ಕಡೆ ಹೋಗುತ್ತಿದ್ದರು. ಎದುರಿಗೆ ಯಾರಾದರೂ ಸಿಕ್ಕರೆ ಭತ್ತ ನೋಡಲು ಹೊರಟೆವು ಎನ್ನುತ್ತಿದ್ದರು. ಚೊಂಬಿನ ನೀರಿನಿಂದ ಭತ್ತ ಬೆಳೆಯುವ ರೈತರನ್ನು ಆ ಊರು ಅದೇ ಮೊದಲು ಕಂಡದ್ದು.

ಇದು ಹೀಗೇ ನಡೆದು ಹೋಗುತ್ತಿತ್ತೇನೋ. ಆದರೆ ಬರುವ ಸೋಮವಾರ ಅಜ್ಜಾರ ಪಾದಪೂಜೆ ಇತ್ತು. ಲಿಂಗಸುಗೂರಿನ ಆಚೆ ಯಾವುದೋ ಮಠದ ಸ್ವಾಮಿಗಳಾದ ಅಜ್ಜಾರು ಬರುವವರು, ಮಸ್ಕಿಯಿಂದ ಹೊಸ ಬೀಗರು ಬರುವವರು. ಅಜ್ಜಾರ ಕೈಗೂ ಬೀಗರ ಕೈಗೂ ಚೊಂಬು ಕೊಟ್ಟು ಏರಿ ಹತ್ತಿಸುವುದು ಹೇಗೆ?

ಕಕ್ಕಸು ಯಾಕೆ ಕಟ್ಟಿಕೊಂಡಿತು ಎಂಬುದಕ್ಕೆ ಅದರ ಹೊಂಡದ ಹುಟ್ಟಿನಿಂದಲೇ ಕಥೆ ಹೇಳಬೇಕು. ಮನೆ ಕಟ್ಟುವಾಗ ಮೇಸ್ತ್ರಿ ಬುಡ್ಡೇಸಾಬ್ ಹೊಂಡ ತೋಡಿಸಲು ಹೊರಟರೆ ಸೊಂಟದ ಆಳಕ್ಕೇ ನೀರು ಬಂತು. ಸುತ್ತ ಕಾಲುವೆ ನೀರು ನಿಲ್ಲಿಸಿದ ಗದ್ದೆ, ನೆಲವೆಲ್ಲ ನೆನೆದ ಎರೆ ಮಣ್ಣು. ಕಾಲುವೆ ನೀರು ನಿಲ್ಲುವವರೆಗೆ ತಡೆಯಿರಿ, ಬೇಸಿಗೆಯಲ್ಲಿ ತೋಡೋಣ ಎಂದು ಬುಡ್ಡೇಸಾಬ್ ಕೈ ಮುಗಿದ. ಗೃಹಪ್ರವೇಶದ ಮುಹೂರ್ತ ಬೇಸಿಗೆಯವರೆಗೆ ತಡೆಯುವಂತಿರಲಿಲ್ಲ. ಹಾಗಾಗಿ ಹೊಂಡವನ್ನು ಅರ್ಧ ನೆಲದೊಳಗೆ, ಅರ್ಧ ನೆಲದ ಮೇಲೆ ಕಟ್ಟಿ ಮೇಲೊಂದು ಚಪ್ಪಡಿ ಎರೆದರು. ಮುಚ್ಚಳಕ್ಕೆ ಒಂದು ಬಾಯಿ ಬಿಡೋಣ ಎಂದ ಮೇಸ್ತ್ರಿಗೆ, ಆ ಮೂಲೆಯಲ್ಲಿ ಬಾಯಿ ಬಿಟ್ಟರೆ ಲಕ್ಷ್ಮಿ ಅದೇ ಬಾಯಿಂದ ಹೊರಗೆ ಹೋಗುತ್ತಾಳೆ ಎಂದು ವಾಸ್ತುವಿನವನು ಹೇಳಿದ. ಗಾಳಿ ಹೋಗಲು ನಿಲ್ಲಿಸಿದ್ದ ಕೊಳವೆ ಗೃಹಪ್ರವೇಶದ ಫೋಟೋದಲ್ಲಿ ಅಡ್ಡ ಬರುತ್ತದೆಂದು ಗುರುಬಸವ ಅದನ್ನೂ ಕೊಯ್ಯಿಸಿದ. ಲಕ್ಷ್ಮಿ ಮನೆಯಲ್ಲೇ ಉಳಿದಳು. ಉಳಿದದ್ದೂ ಉಳಿಯಿತು.

ಇಂಥ ಹೊಂಡದ ಕೆಲಸ ದೊಡ್ಡ ಗುಟ್ಟೇನಲ್ಲ. ಮನೆಯವರು ಕಳಿಸಿದ್ದರಲ್ಲಿ ಭಾರವಾದದ್ದು ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ಕೆನೆಗಟ್ಟುತ್ತದೆ, ನಡುವಿನ ನೀರು ಪಕ್ಕದ ಇಂಗುಗುಂಡಿಗೆ ಹೋಗಿ ಮಣ್ಣಿಗೆ ಸೇರುತ್ತದೆ. ತಳಕ್ಕೆ ಕೂತದ್ದನ್ನು ಕಣ್ಣಿಗೆ ಕಾಣದ ಹುಳಗಳು ಹಗಲಿರುಳು ತಿಂದು ಕರಗಿಸುತ್ತವೆ. ಅವು ತಿಂದು ಬಿಟ್ಟದ್ದನ್ನು ಕೆಲವು ವರ್ಷಕ್ಕೊಮ್ಮೆ ತೆಗೆಸಬೇಕು. ಕೂಲಿ ಕೇಳದೆ, ಯಾರ ಮನೆಯದು ಎಂದು ನೋಡದೆ ದುಡಿಯುವ ಆ ಹುಳಗಳ ಮೇಲೆ ಶೇಖರಮ್ಮ ವಾರ ವಾರವೂ ಆಸಿಡ್ ಸುರಿಸುತ್ತಿದ್ದಳು. ಆ ಮನೆಯಲ್ಲಿ ದುಡಿಯುವವರನ್ನು ನಡೆಸಿಕೊಳ್ಳುವ ರೀತಿಯೇ ಅದಾದ್ದರಿಂದ ಹುಳಗಳು ಬೇಜಾರು ಮಾಡಿಕೊಳ್ಳದೆ ಸತ್ತವು. ಅಡುಗೆಮನೆಯ ಎಣ್ಣೆ, ಮೊಮ್ಮಕ್ಕಳ ಡೈಪರು, ಚಹಾದ ಗಸಿ, ಎಲ್ಲಕ್ಕೂ ಅದೇ ಹೊಂಡ. ಇನ್ನು ಇಂಗುಗುಂಡಿಯೋ, ಎರೆ ಮಣ್ಣು ಒಮ್ಮೆ ನೆನೆದು ಉಬ್ಬಿತೆಂದರೆ ಒಂದು ಹನಿಯನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇಂಗುವುದು ಹೋಗಲಿ, ಗದ್ದೆಯ ನೀರೇ ಗುಂಡಿಗೆ ನುಗ್ಗುತ್ತಿತ್ತು. ಕಟ್ಟಿದ ದಿನದಿಂದ ಯಾರೂ ಬಾಯಿ ತೆರೆಯದ, ತೆರೆಯಲು ಬಾಯಿಯೇ ಇಲ್ಲದ ಆ ಹೊಂಡ ಈ ಸಲದ ನಾಟಿಯ ಹೊತ್ತಿಗೆ ಕುತ್ತಿಗೆಮಟ ತುಂಬಿ, ಕೊಯ್ಲು ಹತ್ತಿರ ಬರುವ ಹೊತ್ತಿಗೆ ಮನೆಯವರದನ್ನು ಮನೆಯವರಿಗೇ ವಾಪಸು ಕೊಡತೊಡಗಿತು.

ಆದರೂ ಚಪ್ಪಡಿ ಒಡೆದು ತೆಗೆಯಬಹುದಿತ್ತಲ್ಲ ಎನ್ನುವವರಿಗೆ ಇನ್ನೊಂದು ಮಾತು ಹೇಳಬೇಕು. ನೆಲದ ಮೇಲೆ ಎದ್ದು ನಿಂತ ಆ ಹೊಂಡದ ಬೆನ್ನು ನೋಡಲು ಚಂದವಿರಲಿಲ್ಲ. ಅದಕ್ಕೆ ನುಣ್ಣನೆಯ ಕಪ್ಪು ಗ್ರಾನೈಟ್ ಹೊದಿಸಿದರು. ಹೊದಿಸಿದ ಮೇಲೆ ಬೇವಿನ ನೆರಳಲ್ಲಿ ಅದು ಅಂದವಾದ ಕಟ್ಟೆಯಾಯಿತು. ಗೃಹಪ್ರವೇಶಕ್ಕೆ ಬಂದ ಅಜ್ಜಾರು ಗಾಳಿ ಚೆನ್ನಾಗಿದೆ ಎಂದು ಹೋಗಿ ಅದರ ಮೇಲೆ ಕೂತರು. ಅಲ್ಲೇ ಪಾದಪೂಜೆಯಾಯಿತು. ಅಂದಿನಿಂದ ಅದು ಪಾದಪೂಜೆಯ ಕಟ್ಟೆ. ದಿನವೂ ಅದರ ಮೇಲೆ ದೀಪ. ಶೇಖರಮ್ಮ ಮಿಂದು ಮಡಿಯುಟ್ಟು ತಾನೇ ಒರೆಸುತ್ತಾಳೆ. ಅಂಗಳ ಗುಡಿಸುವ ಗದ್ದೆಮ್ಮನ ಪೊರಕೆ ಕಟ್ಟೆಯಿಂದ ಒಂದು ಮಾರು ದೂರದಲ್ಲೇ ನಿಲ್ಲಬೇಕು. ಅವಳ ಕೇರಿಯವರ ನೆರಳೂ ಅದರ ಮೇಲೆ ಬೀಳಬಾರದು. ಒಳಗೇನಿದೆ ಎಂದು ಮನೆಯವರಿಗೆಲ್ಲ ಗೊತ್ತು. ಕೈ ಮುಗಿಯುವಾಗ ಮಾತ್ರ ಯಾರಿಗೂ ಗೊತ್ತಿಲ್ಲ.

ಶುಕ್ರವಾರ ಸಿಂಧನೂರಿನಿಂದ ಜಿಲಾನಿಸಾಬ್ ತನ್ನ ಹೊಲಸು ಎಳೆಯುವ ಟ್ಯಾಂಕರ್ ತಂದ. ಹಾವಿನಂಥ ಪೈಪನ್ನು ಹೆಗಲಿಗೆ ಹಾಕಿಕೊಂಡು ಮನೆಯನ್ನು ಸುತ್ತು ಹಾಕಿ ಬಂದು, ಹೊಂಡದ ಬಾಯಿ ಎಲ್ಲಿದೆ ಎಂದು ಕೇಳಿದ. ಇಲ್ಲ ಎಂದರು. ಹಾಗಿದ್ದರೆ ಕಟ್ಟೆಯ ಒಂದು ಕಲ್ಲು ಎಬ್ಬಿಸಿ ಚಪ್ಪಡಿಗೆ ತೂತು ಹಾಕಿ, ಮಧ್ಯಾಹ್ನದೊಳಗೆ ಖಾಲಿ ಮಾಡಿ ಹೋಗುತ್ತೇನೆ ಎಂದ. ದೊಡ್ಡಬಸಪ್ಪನ ಮುಖ ಕೆಂಪಾಯಿತು. ಅಜ್ಜಾರ ಪಾದ ಬಿದ್ದ ಕಲ್ಲಿಗೆ ಹಾರೆ ಹಾಕಿಸುವುದೇ? ಬೀಗರು ಬಂದಾಗ ಕಟ್ಟೆ ಬಾಯಿ ಬಿಟ್ಟುಕೊಂಡಿರುವುದೇ? ಜಿಲಾನಿಸಾಬ್ ಪೈಪು ಸುತ್ತಿಟ್ಟು, ಮನುಷ್ಯರನ್ನು ಮಾತ್ರ ಇದಕ್ಕೆ ಹಚ್ಚಬೇಡಿರಿ, ಈಗ ಅದಕ್ಕೆ ಜೈಲಿದೆ ಎಂದು ಹೇಳಿ ಗಾಡಿ ತಿರುಗಿಸಿದ.

ಟ್ಯಾಂಕರಿನ ಧೂಳು ಇಳಿಯುವ ಮೊದಲೇ ಗುರುಬಸವನಿಗೆ ಬುದ್ಧಿ ಓಡಿತು. ಕಟ್ಟೆ ಮುಟ್ಟುವುದೇ ಬೇಡ. ಅದರ ಬದಿಗೆ ಆಳುದ್ದ ಗುಂಡಿ ತೋಡಿ, ಹೊಂಡದ ಗೋಡೆಗೆ ಕೆಳಗಿನಿಂದ ಕನ್ನ ಹಾಕಿದರಾಯಿತು. ಗುಂಡಿಗೆ ಬಂದದ್ದನ್ನು ಬಕೇಟಿನಲ್ಲಿ ಎತ್ತಿ ಹಿತ್ತಲ ಗದ್ದೆಗೆ ಸುರಿದರಾಯಿತು. ಮೇಲೆ ಅಜ್ಜಾರು, ಬದಿಯಲ್ಲಿ ಕನ್ನ, ಯಾರಿಗೂ ತೊಂದರೆಯಿಲ್ಲ. ಗುಂಡಿಯಲ್ಲಿ ನಿಂತು ಗೋಡೆ ಒಡೆಯುವವನೊಬ್ಬ ಬೇಕು, ಅಷ್ಟೇ. ಅಂಥವನು ಮನೆಯ ಹಿಂದೆಯೇ ಇದ್ದ. ಗದ್ದೆಮ್ಮನ ಗಂಡ ಗದ್ದೆಪ್ಪ ಸಾವ್ಕಾರನ ಒಂದು ತುಂಡು ಗದ್ದೆಯನ್ನು ಪಾಲಿಗೆ ಮಾಡಿದ್ದ.

ದೊಡ್ಡಬಸಪ್ಪ ಅವನನ್ನು ಕರೆಸಿ, ಗುರುಬಸವ ಆಗಲೇ ಹೇಳಿಕಳಿಸಿದ್ದ ಹೊಂಡದ ಸುದ್ದಿಯನ್ನೇ ಎತ್ತಲಿಲ್ಲ. ಭತ್ತದ ಸುದ್ದಿ ಎತ್ತಿದ.

"ಈ ಸಲ ನಿನ್ನ ಪಾಲಿನ ಗದ್ದಿ ಚಲೋ ಬಂದೈತಲ್ಲಲೇ. ತೆನಿ ಬಾಗ್ಯಾವ. ಯಾರು ಕೊಯ್ತಾರೋ ಏನೋ."

ಬೈದಿದ್ದರೆ ಗದ್ದೆಪ್ಪ ತಡೆದುಕೊಳ್ಳುತ್ತಿದ್ದ. ಬೈಗುಳ ಅವನಿಗೆ ಹೊಸದಲ್ಲ. ಇಷ್ಟು ಅಕ್ಕರೆಯ ಮಾತನ್ನು ತಡೆಯಲಾಗಲಿಲ್ಲ. ಸರಿರೀ ಸಾವ್ಕಾರ ಎಂದು ಬಂದ.

ಮನೆಯಲ್ಲಿ ಗದ್ದೆಮ್ಮ ಸುದ್ದಿ ಕೇಳಿ ಅನ್ನ ಮುಟ್ಟದೆ ಕೂತಳು. ಒಳಗೆ ಇಳಿಯುವುದಲ್ಲ, ಹೊರಗೆ ನಿಂತು ತೋಡುವುದು, ಕಾಲುವೆ ತೋಡಿದ ಹಾಗೆ ಎಂದು ಗದ್ದೆಪ್ಪ ಸಮಾಧಾನ ಹೇಳಿದ. ಅವಳಿಗೆ ಸಮಾಧಾನವಾಗಲಿಲ್ಲ. ಅವಳ ತಮ್ಮ ದುರುಗಪ್ಪ ಪಟ್ಟಣದ ಒಂದು ಲಾಡ್ಜಿನ ಹೊಂಡದ ಬಳಿ ವಿಷಗಾಳಿ ಕುಡಿದು ಸತ್ತಿದ್ದ. ಮಾಲೀಕರು ಅವನಿಗೆ ಮೂರ್ಛೆರೋಗವಿತ್ತು ಎಂದು ಬರೆಸಿ, ಪೈಪಿನ ನೀರಿನಲ್ಲಿ ಮೈ ತೊಳೆದು, ಹೊಸ ಟವೆಲ್ ಸುತ್ತಿ ಕೊಟ್ಟಿದ್ದರು. ಬದುಕಿದ್ದಾಗ ಅವನಿಗೆ ಹೊಸ ಟವೆಲ್ ಕೊಟ್ಟವರಿರಲಿಲ್ಲ.

"ದುರುಗನೂ ಒಳಗ ಇಳಿದಿದ್ದಿಲ್ಲ," ಎಂದಳು ಗದ್ದೆಮ್ಮ. "ಬಗ್ಗಿ ನೋಡಿದ್ದ, ಅಷ್ಟ."

ಗದ್ದೆಪ್ಪ ತಲೆ ತಗ್ಗಿಸಿ ಉಂಡ. ಕೊಯ್ಲಿಗೆ ಬಂದ ಗದ್ದೆ ಬಿಟ್ಟು ಎಲ್ಲಿಗೆ ಹೋಗುವುದು ಎಂದು ಅವಳನ್ನೇ ಕೇಳಿದ. ಅವಳಿಗೆ ಅವನ ಮೇಲೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಬಂತು.

ಗುಂಡಿ ತೋಡುವುದು ಎಣಿಸಿದಷ್ಟು ಸಲೀಸಾಗಲಿಲ್ಲ. ಎರೆ ಸಲಿಕೆಗೆ ಅಂಟುತ್ತಿತ್ತು, ತೋಡಿದಷ್ಟೂ ನೀರು ಜಿನುಗುತ್ತಿತ್ತು. ಶನಿವಾರ ಹೋಗಿ ಭಾನುವಾರವೂ ಹೋಯಿತು. ಸೋಮವಾರ ಬೆಳಿಗ್ಗೆ ಅಂಗಳದಲ್ಲಿ ಶಾಮಿಯಾನ ಎದ್ದಾಗಲೂ ಗದ್ದೆಪ್ಪ ಗುಂಡಿಯಲ್ಲೇ ಇದ್ದ. ಬೀಗರಿಗೆ ಕಾಣಬಾರದೆಂದು ಗುಂಡಿಗೂ ಕಟ್ಟೆಗೂ ನಡುವೆ ಬಣ್ಣದ ಅಡ್ಡಬಟ್ಟೆ ಕಟ್ಟಿಸಿದರು. ಬಟ್ಟೆಯ ಆ ಕಡೆ ಕಟ್ಟೆಗೆ ಚೆಂಡುಹೂವಿನ ಮಾಲೆ, ಊದುಬತ್ತಿ, ಬೆಳ್ಳಿ ಹರಿವಾಣ. ಈ ಕಡೆ ಆಳುದ್ದ ಗುಂಡಿಯಲ್ಲಿ ಗದ್ದೆಪ್ಪ, ಪುಟ್ಟಿಯಲ್ಲಿ ಕೆಸರು ಹೊರುವ ಗದ್ದೆಮ್ಮ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡ ಗುರುಬಸವ. ಊದುಬತ್ತಿ ಈ ಕಡೆಯ ವಾಸನೆಗೋ ಆ ಕಡೆಯ ಭಕ್ತಿಗೋ ಎಂದು ಹೇಳುವುದು ಕಷ್ಟವಿತ್ತು.

ಮಸ್ಕಿಯ ಬೀಗರು ಬಂದಿಳಿದರು. ಬಂದವರಲ್ಲಿ ಹಿರಿಯ ಹೆಂಗಸು ಕೈಕಾಲು ತೊಳೆಯುವ ನೆಪದಲ್ಲಿ ಒಳಗೆ ಹೋದವಳು ಹೋದಷ್ಟೇ ಬೇಗ ಹೊರಬಂದಳು. ಅಜ್ಜಾರ ಕಾರು ಮಸ್ಕಿ ದಾಟಿತಂತೆ ಎಂದು ಫೋನು ಬಂತು. ಗುರುಬಸವ ಗುಂಡಿಯ ಅಂಚಿಗೆ ಬಂದು, ಇನ್ನು ತೋಡಿದ್ದು ಸಾಕು, ಗೋಡೆಗೆ ಪಿಕಾಸಿ ಹಾಕು ಎಂದ.

ಪುಟ್ಟಿ ಇಳಿಸುತ್ತಿದ್ದ ಗದ್ದೆಮ್ಮ ಆಗ ಗೋಡೆ ನೋಡಿದಳು. ಹೊರಗಿನ ಮಣ್ಣು ತೆಗೆದ ಮೇಲೆ ಇಟ್ಟಿಗೆಗಳು ಬರಿದಾಗಿ ನಿಂತಿದ್ದವು. ಸಂದಿಗಳಿಂದ ಕಪ್ಪು ನೀರು ಇಳಿಯುತ್ತಿತ್ತು. ಗೋಡೆ ನಡುವೆ ಉಬ್ಬಿ ಗದ್ದೆಪ್ಪನ ಕಡೆಗೇ ಬಾಗಿತ್ತು. ಇದನ್ನು ತಿಳಿಯಲು ಯಾವ ಓದೂ ಬೇಕಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು. ಅವಳು ಗುರುಬಸವನಿಗೆ ಗೋಡೆ ಬೆವರುತ್ತಿದೆ ಎಂದು ತೋರಿಸಿದಳು.

"ಗ್ವಾಡಿ ಬೆವರ್ತೈತಂತ," ಎಂದು ಗುರುಬಸವ ನಕ್ಕ. "ಮೊದ್ಲು ನಿನ್ನ ಗಂಡ ಬೆವರ್ಲಿ. ಮುಂಜಾನಿಂದ ಹಾಟ್ಯಾನ ಮಗ ಗುಂಡ್ಯಾಗ ನಿಂತು ನಿದ್ದಿ ಮಾಡಾಕತ್ತಾನ. ಹೊಡಿಯಲೇ."

ಮೇಲೆ ಬಾ ಎಂದು ಗದ್ದೆಮ್ಮ ಗಂಡನಿಗೆ ಹೇಳಿದಳು. ಅವನು ಗೋಡೆ ನೋಡಿದ, ಹೆಂಡತಿಯನ್ನು ನೋಡಿದ, ಕಡೆಗೆ ಗುರುಬಸವನನ್ನು ನೋಡಿ ಪಿಕಾಸಿ ಎತ್ತಿದ. ಅದೊಂದು ಕ್ಷಣದಲ್ಲಿ ಅವಳಿಗೆ ಹೊಸ ಟವೆಲ್ ಸುತ್ತಿಕೊಂಡ ದುರುಗಪ್ಪನ ಮುಖ ಕಂಡಿತು. ಕೂಗಿದರೆ ಗಂಡ ಕೇಳುವವನಲ್ಲ. ಕಾಲು ಹಿಡಿದರೆ ಗುರುಬಸವ ಕೇಳುವವನಲ್ಲ. ಅವಳು ಪುಟ್ಟಿಯನ್ನು ಅಲ್ಲೇ ಬಿಟ್ಟಳು, ಅಡ್ಡಬಟ್ಟೆ ಎತ್ತಿದಳು, ಹರಿವಾಣ ಹಿಡಿದ ಹೆಂಗಸರ ನಡುವೆ ಹಾದು ಹೋಗಿ, ಅಜ್ಜಾರಿಗೆಂದು ಹಾಸಿದ್ದ ಕಾವಿಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ಪಾದಪೂಜೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಳು.

ಹಾಡುತ್ತಿದ್ದವರ ಹಾಡು ನಿಂತಿತು. ಶೇಖರಮ್ಮನ ಕೈಯ ಹರಿವಾಣದಿಂದ ಕುಂಕುಮ ಚೆಲ್ಲಿತು. ಅವಳು ಚೀರಿದಳು.

"ಇಳಿಯೇ ರಂಡಿ. ಮೈಲಿಗಿ ಮಾಡಿದೆಲ್ಲ."

"ಕೆಳಗ ನಿಮ್ದೈತ್ರಿ ಅಮ್ಮಾರ, ಮ್ಯಾಲ ನಾ ಕುಂತೀನಿ," ಎಂದಳು ಗದ್ದೆಮ್ಮ. "ಎರಡರಾಗ ಮೈಲಿಗಿ ಯಾವುದಂತ ಅಜ್ಜಾರು ಬರ್ತಾರಲ್ಲ, ಕೇಳೂಣು."

ಮಸ್ಕಿಯ ಹಿರಿಯ ಬೀಗತಿ ಕಟ್ಟೆಯ ಕಡೆ ನೋಡಿ, ಕೆಳಗೆ ಏನಿದೆ ಎಂದು ಪಕ್ಕದವಳನ್ನು ಕೇಳಿದಳು. ಪಕ್ಕದವಳು ಕಿವಿಯಲ್ಲಿ ಹೇಳಿದಳು. ಆ ಮಾತು ಕಿವಿಯಿಂದ ಕಿವಿಗೆ ಶಾಮಿಯಾನದ ತುದಿಯವರೆಗೆ ಹೋಯಿತು.

ದೊಡ್ಡಬಸಪ್ಪ ಓಡಿ ಬಂದ. ಎಳೆದು ಹಾಕಿರಲೇ ಆಕೆಯನ್ನು ಎಂದು ಅಬ್ಬರಿಸಿದ. ಅಳಿಯ, ತಮ್ಮಂದಿರು, ನೆಂಟರು ಮುಂದೆ ನುಗ್ಗಿದರು. ನುಗ್ಗಿದವರು ಕಟ್ಟೆಯಿಂದ ಒಂದು ಮಾರು ದೂರದಲ್ಲಿ ನಿಂತರು. ಎಲ್ಲರೂ ಮಿಂದವರು, ಮಡಿಯಲ್ಲಿದ್ದವರು, ಹಣೆ ತುಂಬ ವಿಭೂತಿ ಬಳಿದವರು. ಎಳೆಯಬೇಕೆಂದರೆ ಮುಟ್ಟಬೇಕು. ಒಬ್ಬ ಇನ್ನೊಬ್ಬನನ್ನು ನೋಡಿದ, ಇನ್ನೊಬ್ಬ ಮತ್ತೊಬ್ಬನನ್ನು ನೋಡಿದ. ಯಾರೋ ಒಬ್ಬ ಕೋಲು ತಂದ. ಬೀಗರ ಕಡೆಯ ಹುಡುಗಿಯೊಬ್ಬಳು ಫೋನು ಎತ್ತಿ ಹಿಡಿದದ್ದು ನೋಡಿ ಆ ಕೋಲನ್ನು ಹಿಂದೆ ಮರೆಮಾಡಿಕೊಂಡ. ಇಷ್ಟು ವರ್ಷ ಗದ್ದೆಮ್ಮನನ್ನು ದೂರ ಇಟ್ಟಿದ್ದ ಮಡಿಯೇ ಈಗ ಅವಳಿಗೆ ಬೇಲಿಯಾಗಿ ಸುತ್ತ ನಿಂತಿತ್ತು. ಹೆದರಿಕೆಯ ನಡುವೆಯೂ ಅವಳಿಗೆ ಒಳಗೊಳಗೇ ನಗು ಬಂತು.

ದೊಡ್ಡಬಸಪ್ಪನಿಗೆ ಒಂದೇ ದಾರಿ ಉಳಿಯಿತು. ಅವಳನ್ನು ಮುಟ್ಟಬಹುದಾದವನು ಅಲ್ಲಿ ಒಬ್ಬನೇ ಇದ್ದ. ಸಾವ್ಕಾರ ಅಡ್ಡಬಟ್ಟೆ ಕಿತ್ತೆಸೆದು ಗುಂಡಿಯ ಕಡೆ ತಿರುಗಿ ಕೂಗಿದ.

"ಲೇ ಗದ್ದ್ಯಾ, ಮ್ಯಾಲ ಬಾರಲೇ ಸೂಳೇಮಗನ. ನಿನ್ನ ಹೆಂಡ್ತೀನ ಇಳಿಸು."

ಹಾಡು ನಿಂತಾಗ ಎತ್ತಿದ ಪಿಕಾಸಿಯನ್ನು ಹೊಡೆಯದೆ ಹಿಡಿದು ನಿಂತಿದ್ದ ಗದ್ದೆಪ್ಪ ಅದನ್ನು ಗೋಡೆಗೆ ಆನಿಸಿಟ್ಟು ಗುಂಡಿಯಿಂದ ಹತ್ತಿ ಬಂದ. ಮೊಣಕಾಲವರೆಗೆ ಕೆಸರು. ಕಟ್ಟೆಯ ಮುಂದೆ ಬಂದು, ಹುಟ್ಟಿನಿಂದ ಕಲಿತ ಹಾಗೆ, ಒಂದು ಮಾರು ದೂರದಲ್ಲಿ ನಿಂತ. ಅಲ್ಲಿಂದ ಇಳಿ ಎಂದ. ಅವಳು ಇಳಿಯಲಿಲ್ಲ. ಅವಳು ಅವನ ಮುಖವನ್ನೇ ನೋಡಿದಳು. ಅವನು ಮೇಲೆ ಬಂದಿದ್ದಾನೆ ಎಂಬುದೇ ಅವಳಿಗೆ ಸಾಕಾಗಿತ್ತು, ಕಣ್ಣು ತುಂಬಿ ಬಂದವು. ಗದ್ದೆಪ್ಪ ಆ ಕಣ್ಣು ನೋಡಿದ. ತಿರುಗಿ ಗುಂಡಿಯನ್ನು ನೋಡಿದ. ಏನು ತಿಳಿಯಿತೋ, ಸಾವ್ಕಾರನ ಕಡೆ ತಿರುಗಿ ನಿಧಾನವಾಗಿ ಕೇಳಿದ.

"ಇಳಿಸಬೇಕಂದ್ರ ಕಟ್ಟಿ ಹತ್ತಬೇಕಾಕೈತ್ರಿ ಸಾವ್ಕಾರ. ಹತ್ತಲೇನ್ರಿ?"

ಇಡೀ ಶಾಮಿಯಾನ ದೊಡ್ಡಬಸಪ್ಪನ ಬಾಯಿ ನೋಡಿತು. ದೂರದಲ್ಲಿ ಕಾರಿನ ಹಾರ್ನು ಕೇಳಿಸಿತು. ಹತ್ತಬೇಡ ಎಂದರೆ ಅವಳು ಇಳಿಯುವುದಿಲ್ಲ. ಹತ್ತು ಎಂದರೆ ಕಟ್ಟೆ ಮೈಲಿಗೆ ಮಾಡು ಎಂದು ತನ್ನ ಬಾಯಿಂದಲೇ ಹೇಳಿದಂತೆ.

"ಹತ್ತಿ ಸಾಯಲೇ," ಎಂದ.

ಗದ್ದೆಪ್ಪ ಹತ್ತಿದ. ಕಪ್ಪು ಗ್ರಾನೈಟಿನ ಮೇಲೆ ಅವನ ಎರಡೂ ಪಾದಗಳು ಕೆಸರಿನಲ್ಲಿ ಚೆನ್ನಾಗಿ ಮೂಡಿದವು. ಹತ್ತಿದವನು ಹೆಂಡತಿಯ ತೋಳು ಹಿಡಿಯಲಿಲ್ಲ. ಅವಳ ಪಕ್ಕದಲ್ಲಿ ಕೂತ. ಮೂರು ದಿನದ ದಣಿವು ಒಮ್ಮೆಗೇ ಬಂದವನ ಹಾಗೆ ಕೈ ಮಡಿಲಲ್ಲಿಟ್ಟುಕೊಂಡ.

ದೊಡ್ಡಬಸಪ್ಪ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಗುಂಡಿಯ ಕಡೆಯಿಂದ ಒಂದು ಇಟ್ಟಿಗೆ ಬಿದ್ದ ಸದ್ದಾಯಿತು. ಆಮೇಲೆ ಆ ಬದಿಯ ಗೋಡೆಯೇ ಬಿತ್ತು; ಉಳಿದ ಮೂರು ಗೋಡೆಗಳ ಮೇಲೆ ಚಪ್ಪಡಿ ಕದಲದೆ ನಿಂತಿತು. ಗೃಹಪ್ರವೇಶದಿಂದ ಮುಚ್ಚಿಟ್ಟದ್ದೆಲ್ಲ ಒಂದೇ ಉಸಿರಿಗೆ ಗುಂಡಿಗೆ ನುಗ್ಗಿತು. ಪಿಕಾಸಿ ಮುಳುಗಿತು, ಗದ್ದೆಪ್ಪನ ಎದೆ ಇದ್ದ ಮಟ್ಟ ತುಂಬಿತು, ಅವನ ತಲೆ ಇದ್ದ ಮಟ್ಟ ತುಂಬಿತು. ಆಮೇಲೆ ಗುಂಡಿಯ ಅಂಚು ದಾಟಿ ಅಂಗಳಕ್ಕೆ ಹರಿಯತೊಡಗಿತು. ಗದ್ದೆಪ್ಪ ಅದನ್ನು ನೋಡುತ್ತ ಹೆಂಡತಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ.

ಬೀಗರು ಸೀರೆ, ಪಂಚೆ ಎತ್ತಿ ಹಿಡಿದು ಗೇಟಿನ ಕಡೆ ಓಡಿದರು. ಶೇಖರಮ್ಮ ಕುರ್ಚಿ ಹತ್ತಿದಳು, ಕುರ್ಚಿ ಅವಳನ್ನು ತಡೆಯಲಿಲ್ಲ. ಗುರುಬಸವ ಎಲ್ಲಿ ಹೋದನೋ ಕಾಣಲಿಲ್ಲ. ಅಜ್ಜಾರ ಕಾರು ಬೋರ್ಡಿನವರೆಗೆ ಬಂದು ನಿಂತಿತು, ಅದರ ಗಾಜು ಇಳಿದು ಮತ್ತೆ ಏರಿತು. ಅಂಗಳದ ನಡುವೆ ಮಡಿಪಂಚೆ ಎತ್ತಿಕೊಂಡು ನಿಂತಿದ್ದ ದೊಡ್ಡಬಸಪ್ಪನ ಪಾದ ಮುಳುಗಿ, ಕಣಕಾಲು ಮುಳುಗತೊಡಗಿತು. ಅವನು ಆ ಕಡೆ ನೋಡಿದ, ಈ ಕಡೆ ನೋಡಿದ. ಅವನದೇ ಅಂಗಳದಲ್ಲಿ ಹೊಲಸು ಮುಟ್ಟದೆ ಉಳಿದ ಜಾಗ ಒಂದೇ ಇತ್ತು.

ಗದ್ದೆಮ್ಮ ಗಂಡನ ಕಡೆಗೆ ತುಸು ಸರಿದು ಕೂತಳು.

"ಬರ್ರಿ ಸಾವ್ಕಾರ," ಎಂದಳು, "ಜಾಗ ಐತಿ."